ಈಜುಕೊಳಕ್ಕೊಂದು ಪರದೆ

ನಾನು ಪುಕ್ಕಲ. ಇದನ್ನು ನನ್ನ ಧರ್ಮಪತ್ನಿ ಲೊರೇನ್ ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ. ವಿಮಾನ, ಹಲ್ಲಿನ ಡಾಕ್ಟರು, ಪಕ್ಕದ ಮನೆಯ ಬೆಕ್ಕು, ಎಲ್ಲಕ್ಕೂ ಹೆದರುತ್ತೇನೆ. ಇನ್ನು ನೀರು ಮತ್ತು ಕರೆಂಟು ಒಂದೇ ಕಡೆ ಸೇರಿದವೆಂದರೆ ಜೀವವೇ ಬಾಯಿಗೆ ಬರುತ್ತದೆ. ಅಂಥವನ ಹಿತ್ತಲಿನ ಈಜುಕೊಳದ ದಡದಲ್ಲಿ ಟಿವಿ ನೇತುಹಾಕಬೇಕೆಂದು ಅವಳು ಹಟ ಹಿಡಿದರೆ ನನ್ನ ಗತಿ ಏನಾಗಬೇಡ, ನೀವೇ ಹೇಳಿ.

ಇದಕ್ಕೆಲ್ಲ ಮೂಲ ಅವಳ ಅಪ್ಪ, ಕೋಚ್ ಹ್ಯಾಲ್ವರ್ಸನ್. ಶಾಲಾ ಹುಡುಗರಿಗೆ ಅಮೆರಿಕನ್ ಫುಟ್‌ಬಾಲ್ ಕಲಿಸಿ ನಿವೃತ್ತರಾದವರು. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ. (ಅತ್ತೆಯವರನ್ನು ಊಟಕ್ಕೆ ಕರೆಯುವುದೂ ಸೀಟಿಯಲ್ಲೇ.) ಪ್ರತಿವರ್ಷ ಫೆಬ್ರವರಿಯಲ್ಲಿ ನಡೆಯುವ ಫೈನಲ್ ಪಂದ್ಯ ಅವರ ವಂಶಕ್ಕೆ ದೊಡ್ಡ ಹಬ್ಬ. ಅವರೆಲ್ಲ ಇರುವುದು ಅರಿಜೋನಾದಲ್ಲಿ, ಆ ಹಬ್ಬ ಯಾವಾಗಲೂ ಫೀನಿಕ್ಸ್‌ನಿಂದ ಎರಡು ಗಂಟೆ ದಾರಿಯ ಭಾವಮೈದುನ ಕರ್ಟಿಸ್‌ನ ಮನೆಯಲ್ಲಿ. ನಾವು ಒಹಾಯೊ ಬಿಟ್ಟು ಫೀನಿಕ್ಸ್‌ಗೆ ಬಂದದ್ದೇ ತಡ, ಲೊರೇನ್ ಅಪ್ಪನ ಮುಂದೆ ಶಪಥ ಮಾಡಿಬಿಟ್ಟಳು, ಈ ಸಲ ನಮ್ಮ ಮನೆಯಲ್ಲೇ ಎಂದು.

"ಹೊರಗಡೆ ಇಡೋದಕ್ಕೇ ಅಂತ ಮಾಡಿರೋ ಟಿವಿ ಸಿಗುತ್ತೆ ಡ್ವೈಟ್. ಮಳೇಲಿ ನೆನೆದ್ರೂ ಏನೂ ಆಗಲ್ವಂತೆ."

"ಮಳೇಲಿ ನೆನೆದ್ರೆ ಆಗಲ್ಲ. ಕೊಳಕ್ಕೇ ಬಿದ್ರೆ? ಆಗ ಅದರೊಳಗೆ ನಿಮ್ಮಪ್ಪ ಇದ್ರೆ?"

"ಫೆಬ್ರವರಿ ಚಳೀಲಿ ನಮ್ಮಪ್ಪ ಯಾಕೆ ಕೊಳಕ್ಕಿಳೀತಾರೆ?"

"ಸಾಯೋರು ಕಾರಣ ಹುಡುಕ್ಕೊಂಡು ಇಳೀತಾರಾ?"

ಕೊನೆಗೆ ನಾನೇ ಒಂದು ಘನವಾದ ಉಪಾಯ ಸೂಚಿಸಿದೆ. ಪ್ರೊಜೆಕ್ಟರ್! ಅದು ದೂರದಲ್ಲಿ, ಮನೆಯ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ. ಕೊಳದಾಚೆಯ ಕಾಂಪೌಂಡಿಗೆ ಬಿಳಿ ಪರದೆ. ನೀರಿನ ಮೇಲೆ ಹಾದುಹೋಗುವುದು ಬರೀ ಬೆಳಕು. ಬೆಳಕು ಹೊಡೆದು ಸತ್ತವರ ಸುದ್ದಿ ನಾನಂತೂ ಕೇಳಿಲ್ಲ.

"ಬಿಸಿಲಲ್ಲಿ ಕಾಣುತ್ತಾ ಅದು?" ಎಂದಳು.

"ಫೈನಲ್ ಹೊತ್ತಿಗೆ ಬಿಸಿಲೆಲ್ಲಿರುತ್ತೆ, ಹುಚ್ಚಿ!" ಎಂದು ನಕ್ಕೆ. ಹುಟ್ಟಿದಾಗಿನಿಂದ ಆ ಪಂದ್ಯವನ್ನು ಒಹಾಯೊದಲ್ಲಿ, ಸಂಜೆ ಆರೂವರೆಯ ಕಗ್ಗತ್ತಲಲ್ಲಿ ನೋಡಿದವನು ನಾನು.

"ನೋಡು, ಈ ಸಲ ಏನಾದ್ರೂ ಕೆಡ್ತೋ, ಅಪ್ಪ ಇನ್ನು ನಮ್ಮನೆ ಹೊಸಿಲು ತುಳಿಯಲ್ಲ. ಆಮೇಲೆ ನೀನುಂಟು, ನಾನುಂಟು" ಎಂದಳು. ಆ ಕೊನೆಯ ಮಾತಿಗೆ ಹೆದರಿ ಅಂದೇ ದುಡ್ಡು ಕಟ್ಟಿದೆ. ಪ್ರೊಜೆಕ್ಟರ್ ಬಂತು. ಹಾಲ್‌ನಲ್ಲಿದ್ದ ಒಂದೇ ಒಂದು ಹಳೇ ಟಿವಿಯನ್ನು ನಾನೇ ಧಾರಾಳವಾಗಿ ಮಗಳ ಹಾಸ್ಟೆಲಿಗೆ ಸಾಗಿಸಿದೆ. ಎಲ್ಲರಿಗೂ "ಆರು ಗಂಟೆಗೆ ಬನ್ನಿ" ಎಂದು ಸಂದೇಶ ಕಳಿಸಿದೆ.

ಅವರೆಲ್ಲ ನಾಲ್ಕಕ್ಕೇ ಬಂದಿಳಿದರು. ಕರ್ಟಿಸ್‌ನ ಕೈಯಲ್ಲಿ ಕೋಳಿ ರೆಕ್ಕೆಗಳ ತಟ್ಟೆ, ಅತ್ತೆಯ ಕೈಯಲ್ಲಿ ಬೀನ್ಸ್ ಕಾಳಿನ ಗೊಜ್ಜು, ಕೋಚ್ ಕೊರಳಲ್ಲಿ ಸೀಟಿ.

"ಇಷ್ಟು ಬೇಗ ಬಂದ್ರಲ್ಲ ಸಾರ್?"

"ಬೇಗ ಏನಯ್ಯಾ ಬೇಗ? ಇನ್ನರ್ಧ ಗಂಟೇಲಿ ಆಟ ಶುರು."

"ಆರೂವರೆಗಲ್ವಾ?"

"ಅದು ನಿಮ್ಮ ಪೂರ್ವದ ಊರುಗಳ ಆರೂವರೆ! ಇಲ್ಲಿ ಗಡಿಯಾರ ಎರಡು ಗಂಟೆ ಹಿಂದೆ, ನಾಲ್ಕೂವರೆ!" ಎಂದರು ಕೋಚ್. ಕರ್ಟಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ.

ನಾನು ಆಕಾಶ ನೋಡಿದೆ. ಅರಿಜೋನಾದ ಸೂರ್ಯ ಓರೆಯಾಗಿ ನಿಂತು ನೆಟ್ಟಗೆ ನನ್ನ ಪರದೆಯ ಮೇಲೇ ಸುರಿಯುತ್ತಿದ್ದ. ಪ್ರೊಜೆಕ್ಟರ್ ಹಚ್ಚಿದೆ. ಪರದೆ ಮೊದಲೆಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು. ಲೊರೇನ್ ನನ್ನ ಕಡೆ ನೋಡಿದಳು. ಆ ನೋಟ ತಾಳಲಾರದೆ ಅತ್ತೆಯವರ ಬೆನ್ನ ಹಿಂದೆ ಸರಿದು ನಿಂತೆ.

"ಅಪ್ಪಾ, ನಮ್ಮನೆಗೆ ಹೋಗೋಣ್ವಾ?" ಎಂದ ಕರ್ಟಿಸ್, ಜೇನು ಸುರಿಯುವ ದನಿಯಲ್ಲಿ.

"ನಿಮ್ಮನೆ ಸೇರೋ ಹೊತ್ತಿಗೆ ಅರ್ಧ ಆಟ ಮುಗಿದಿರುತ್ತೆ" ಎಂದು ಗದರಿದ ಕೋಚ್ ಸೀಟಿ ಊದಿದರು. "ಲೇ ಉದ್ದ! ಆ ಛತ್ರಿ ಕಿತ್ಕೊಂಡು ಬಾ!"

ಉದ್ದ ಎಂದರೆ ನಾನು. ಛತ್ರಿ ಎಂದರೆ ಹಿತ್ತಲಿನ ಮೇಜಿನ ನಡುವೆ ನೆಟ್ಟ, ಇಡೀ ಸಂಸಾರಕ್ಕೆ ನೆರಳಾಗುವ ಮಹಾಛತ್ರಿ. ಎತ್ತಿ ಹಿಡಿದು ಆ ಕಡೆ ಈ ಕಡೆ ಓಡಾಡಿದೆ. ನೆರಳು ಪರದೆಯ ಮೇಲೆ ಸರಿಯಾಗಿ ಬೀಳುವ ಜಾಗ ಭೂಮಂಡಲದಲ್ಲಿ ಒಂದೇ ಒಂದಿತ್ತು. ಅದು ಕೊಳದೊಳಗೆ.

"ಇಳಿ!" ಎಂದರು ಕೋಚ್.

ಸೊಂಟದವರೆಗೆ ಮಂಜಿನಂಥ ನೀರು. ಚಿತ್ರ ಇನ್ನೂ ಮಬ್ಬಾಗಿದೆಯೆಂದು ಕರ್ಟಿಸ್ ಪ್ರೊಜೆಕ್ಟರನ್ನು ಮೇಜು ಸಮೇತ ಎಳೆದು ತಂದು ಕೊಳದ ಅಂಚಿಗೇ ಇಟ್ಟ. ಅದರ ವೈರು ನನ್ನ ಮೊಣಕೈ ಪಕ್ಕದಲ್ಲೇ ಬಿದ್ದಿತ್ತು. ಮೇಜಿಗೆ ಆನಿಸಿದ್ದ ಕಾಲನ್ನು ಕೋಚ್ ಅಲ್ಲಾಡಿಸಿದಾಗಲೆಲ್ಲ ಮೇಜೂ ಅಲ್ಲಾಡುತ್ತಿತ್ತು. ನನಗೆ ಬರುತ್ತಿದ್ದ ಪ್ರಾರ್ಥನೆಗಳೆಲ್ಲ ಮುಗಿದು, ಸಣ್ಣವನಿದ್ದಾಗ ಕಲಿತ ಲಾಲಿಹಾಡುಗಳನ್ನು ಹೇಳತೊಡಗಿದೆ.

ಬಿಸಿಲಿಗೆ ಮುಖ, ಪರದೆಗೆ ಬೆನ್ನು. ನನಗೆ ಕಂಡದ್ದು ನೋಡುವವರ ಮುಖಗಳು ಮಾತ್ರ. ನಾನು ಇಳಿದ ಗಳಿಗೆಯಿಂದ ಕೋಚ್ ಅವರ ಮೆಚ್ಚಿನ ತಂಡ ಗೆಲ್ಲತೊಡಗಿತ್ತೆಂದು ಅವರ ಹಲ್ಲು ನೋಡಿ ತಿಳಿದುಕೊಂಡೆ.

ಅಂತೂ ಸೂರ್ಯ ಮುಳುಗಿದ. ಕತ್ತಲಾಯಿತು, ಚಿತ್ರ ಥಳಥಳ ಹೊಳೆಯಿತಂತೆ. ಬದುಕಿದೆ ಎಂದುಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಅದೇ ಕ್ಷಣಕ್ಕೆ ಎದುರಾಳಿಗಳು ಚೆಂಡು ಕಿತ್ತುಕೊಂಡರು. ಸೀಟಿ ಕಿವಿ ಹರಿಯುವಂತೆ ಕೂಗಿತು.

"ಯಾಕೋ ಎದ್ದೆ? ಗೆಲ್ಲೋವಾಗ ಜಾಗ ಬದಲಾಯಿಸ್ತಾರೇನೋ? ಇಳಿಯೋ ಕೆಳಗೆ!"

ಇದು ಇಲ್ಲಿ ಮನೆಮನೆಯ ಶಾಸ್ತ್ರ. ತಂಡ ಗೆಲ್ಲುತ್ತಿರುವಾಗ ಕೂತವರು ಕೂತಲ್ಲೇ, ನಿಂತವರು ನಿಂತಲ್ಲೇ. ಕೋಚ್ ತೊಟ್ಟಿದ್ದ ಅಂಗಿಯೇ ಪಂದ್ಯಗಳು ಶುರುವಾದ ಸೆಪ್ಟೆಂಬರಿನಿಂದ ನೀರು ಕಂಡಿರಲಿಲ್ಲ.

"ಲೊರೇನ್, ನಂಗೆ ಕಾಲೇ ಇಲ್ಲದ ಹಾಗಾಗಿದೆ ಕಣೇ!"

"ಸ್ವಲ್ಪ ತಡ್ಕೊ ಚಿನ್ನಾ. ಛತ್ರಿ ಮಡಚಬೇಡ, ಅದೂ ಹಾಗೇ ಇರ್ಲಿ."

ನಕ್ಷತ್ರಗಳ ಕೆಳಗೆ ಛತ್ರಿ ಬಿಚ್ಚಿಕೊಂಡು, ಮುಗಿಯುವ ತನಕ ನಿಂತೆ. ಗೆದ್ದರು. ಲೊರೇನ್ ಅಪ್ಪನನ್ನು ತಬ್ಬಿಕೊಂಡು ಅತ್ತಳು. ಕೋಚ್ ಎದ್ದು ನಿಂತು, "ಇನ್ಮೇಲೆ ಪ್ರತಿವರ್ಷ ಇಲ್ಲೇ!" ಎಂದು ಘೋಷಿಸಿದರು. ಕರ್ಟಿಸ್‌ನ ಮುಖ ಸಪ್ಪಗಾಯಿತು. ನನ್ನ ಮಾನ ಉಳಿಯಿತು. ಆ ಸಂತೋಷದಲ್ಲಿ ಹಲ್ಲು ಕಟಕಟಿಸುತ್ತಲೇ ಹೇಳಿದೆ:

"ಸಾರ್, ಮುಂದಿನ ವರ್ಷ ಖಂಡಿತ ಟಿವಿನೇ ಹಾಕಿಸ್ತೀನಿ. ಎಂಥಾ ಬಿಸಿಲಲ್ಲೂ ಕಾಣುತ್ತೆ. ಛತ್ರಿ ಹಿಡಿಯೋ ಕೆಲಸವೇ ಇರಲ್ಲ."

ಕೋಚ್ ಯೋಚಿಸಿದರು. ನನ್ನನ್ನೂ ನೋಡಿದರು, ಕೊಳವನ್ನೂ ನೋಡಿದರು.

"ಧಾರಾಳವಾಗಿ ಹಾಕ್ಸು" ಎಂದರು. "ಆದ್ರೆ ನೀನು ಮಾತ್ರ ಅಲ್ಲೇ ನಿಂತ್ಕೋಬೇಕು."