ಹಳೆಯ ರಷ್ಯಾದ ಮಕ್ಕಳು ಮತ್ತು ಟೆಂಪರರಿ ಮೇಷ್ಟ್ರು

ಶಾಲೆಯ ನೀರಿನ ಪೈಪು ಒಡೆಯುವುದಕ್ಕೂ ಹಳೆಯ ರಷ್ಯನ್ ಕಾದಂಬರಿಗಳಿಗೂ ಯಾವ ನಂಟೂ ಇಲ್ಲ. ಆದರೆ ಅವತ್ತು ಆ ಪೈಪು ಒಡೆಯದೆ ಇದ್ದಿದ್ದರೆ ಟೆಂಪರರಿ ಮೇಷ್ಟ್ರ ಗತಿ ಬೇರೆಯೇ ಆಗುತ್ತಿತ್ತು.

ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳುತ್ತಿದ್ದ ಅವರಿಗೆ ಸ್ವಂತ ಹೆಸರೊಂದು ಇತ್ತು, ಕರೆಯುವವರಿರಲಿಲ್ಲ. ತಾತ್ಕಾಲಿಕ ನೇಮಕದಲ್ಲೇ ಅವರ ತಲೆಯ ಮುಂಭಾಗದ ಕೂದಲು ಕಾಯಂ ಆಗಿ ಹೊರಟುಹೋಗಿತ್ತು. ಅವತ್ತು ಕಾಯಂ ಹುದ್ದೆಗೆ ಆಯ್ಕೆ. ಸಮಿತಿಯ ಮುಂದೆ ಒಂದು ಮಾದರಿ ಪಾಠ ಮಾಡಬೇಕು. ಈ ಸಲ ತಪ್ಪಿದರೆ ವಯಸ್ಸಿನ ಮಿತಿ ಮುಗಿಯುತ್ತದೆ. ಬೇರೊಬ್ಬರು ಕಾಯಂ ಆಗಿ ಬಂದರೆ ಇರುವ ಅರೆಕೆಲಸವೂ ಹೋಗುತ್ತದೆ.

ಅವರು ಆರಿಸಿಕೊಂಡ ವಿಷಯ ಹಳೆಯ ರಷ್ಯನ್ ಕಾದಂಬರಿಗಳಲ್ಲಿ ಮಕ್ಕಳ ಪಾತ್ರಗಳ ಸಾಂಕೇತಿಕತೆ. ಅಲ್ಲಿ ಮಗು ಬರೀ ಮಗುವಲ್ಲ, ದೊಡ್ಡವರ ಅಂತಃಸಾಕ್ಷಿ. ಅದು ಹಸಿದರೆ, ಕೆಮ್ಮಿದರೆ, ಕೊನೆಗೆ ಸತ್ತರೆ ದೊಡ್ಡವರ ಕಣ್ಣು ತೆರೆಯುತ್ತದೆ. ಇದು ಅವರ ವಾದ. ಒಂದು ವಾರದಿಂದ ಮನೆಯಲ್ಲಿ ಇದನ್ನೇ ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದರು.

ಬೆಳಿಗ್ಗೆ ಮಗಳ ಶಾಲೆಯಿಂದ ಫೋನು ಬಂತು. ನೀರಿಲ್ಲ, ರಜೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಆಗಲೇ ಡ್ಯೂಟಿಗೆ ಹೋಗಿಯಾಗಿತ್ತು. ಮೇಷ್ಟ್ರು ಎಂಟು ವರ್ಷದ ಪುಟ್ಟಿಯ ಕೈ ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದರು. ದರ್ಜಿಯ ಹೆಂಡತಿ ಅರ್ಧ ಬಾಗಿಲು ತೆರೆದರು.

"ನೋಡ್ಕೊಳ್ಳೋಕೆ ಏನೂ ಬೇಜಾರಿಲ್ಲ ಮೇಷ್ಟ್ರೇ. ಆದ್ರೆ ಒಂದು ವಾರದಿಂದ ಗೋಡೆ ಆಚೆ ದಿನಾ ಒಂದೊಂದು ಮಗೂನ ಸಾಯಿಸ್ತಾ ಇದ್ದೀರಿ. ನಿನ್ನೆ ಅಂತೂ 'ಈ ಮಗು ಸಾಯಲೇಬೇಕು, ಇಲ್ಲದಿದ್ರೆ ಅಪ್ಪನಿಗೆ ಬುದ್ಧಿ ಬರಲ್ಲ' ಅಂದ್ರಿ. ಕೇಳಿ ಕೇಳಿ ನನ್ನ ಬಿಪಿ ಏರಿದೆ. ಡಾಕ್ಟರ ಹತ್ರ ಹೊರಟಿದ್ದೀನಿ."

ಹೊರಡುವ ಮುಂಚೆ ಆಕೆ ಪುಟ್ಟಿಯನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರಾ ಎಂದು ವಿಚಾರಿಸಿಕೊಂಡರು.

ಬೇರೆ ದಾರಿಯಿಲ್ಲದೆ ಮೇಷ್ಟ್ರು ಮಗಳನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಇಳಿಯುವಾಗ ಅವರ ಇಸ್ತ್ರಿ ಅಂಗಿ ಬಕೆಟ್ಟಿನಿಂದ ಈಗಷ್ಟೇ ಹಿಂಡಿ ತೆಗೆದಂತಿತ್ತು.

ಕಾಲೇಜಿನಲ್ಲಿ ಮಗುವನ್ನು ಕಂಡು ವಿಭಾಗದ ಮುಖ್ಯಸ್ಥರು ಹೌಹಾರಿದರು. ಸಮಿತಿಯ ಅಧ್ಯಕ್ಷರು ಭಾರೀ ಕಟ್ಟುನಿಟ್ಟಿನ ಮನುಷ್ಯ, ಯಾರ ಮುಲಾಜಿಗೂ ಸಿಗುವವರಲ್ಲ, ಮಗುವನ್ನು ಎಲ್ಲಾದರೂ ಬಚ್ಚಿಡಿ ಎಂದರು. ಅರ್ಥಶಾಸ್ತ್ರದ ಮೇಷ್ಟ್ರು ಒಪ್ಪಲಿಲ್ಲ. ವಾದದ ಜೊತೆಗೆ ಸಾಕ್ಷಿಯೂ ನಡೆದುಕೊಂಡು ಬಂದಿರುವಾಗ ಬಚ್ಚಿಡುವುದೆಂದರೇನು, ಮುಂದಿನ ಸಾಲಿನಲ್ಲೇ ಕೂರಿಸಬೇಕು ಎಂದು ಅವರ ಹಟ. ಗ್ರಂಥಾಲಯದ ಮೇಡಂ ಪುಟ್ಟಿಯ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು.

"ಕೆನ್ನೆ ನೋಡಿ, ಬನ್ನಿನ ಹಾಗೆ ಉಬ್ಬಿದೆ. ಇದನ್ನ ನೋಡಿ ಯಾರ ಕಣ್ಣು ತೆರೆಯುತ್ತೆ?"

ಮೇಷ್ಟ್ರು ಬೇಡ ಬೇಡ ಎನ್ನುತ್ತಿದ್ದಂತೆಯೇ ಮೇಡಂ ಮಗುವಿನ ಜಡೆ ಬಿಚ್ಚಿ ಕೆದರಿ, ಬೋರ್ಡಿನ ಡಸ್ಟರ್ ತಂದು ಎರಡೂ ಕೆನ್ನೆಗೆ ಸೀಮೆಸುಣ್ಣದ ಪುಡಿ ತಟ್ಟಿದರು. ಪುಟ್ಟಿ ಒಂದೇ ನಿಮಿಷದಲ್ಲಿ ಆರು ತಿಂಗಳ ಕಾಯಿಲೆಯವಳಾದಳು. ಅದೇ ಹೊತ್ತಿಗೆ ಒಳಗಿನಿಂದ ಕರೆ ಬಂತು. ಬಾಗಿಲ ಬಳಿ ಇನ್ನೊಬ್ಬ ಅಭ್ಯರ್ಥಿ ಕೂತಿದ್ದ. ಬಡಕಲು ಹುಡುಗ. ಹಿಂದೆಯೂ ಸಂದರ್ಶನಗಳಿಗೆ ಹೋಗಿ ಬರಿಗೈಯಲ್ಲಿ ಬಂದವನು ಎಂಬುದು ಅವನು ನೀರಿನ ಬಾಟಲಿಯನ್ನು ಎದೆಗೆ ಅವುಚಿ ಹಿಡಿದಿದ್ದ ರೀತಿಯಲ್ಲೇ ತಿಳಿಯುತ್ತಿತ್ತು. ಮೇಷ್ಟ್ರಿಗೆ ಅವನನ್ನು ಕಂಡು ಅಯ್ಯೋ ಅನ್ನಿಸಿತು.

ಪುಟ್ಟಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ ಮೇಲೆ ಪಾಠ ಚೆನ್ನಾಗಿಯೇ ಸಾಗಿತು. ಹಿಮ, ಹರಿದ ಕೋಟು, ಮೆಟ್ಟಿಲ ಕೆಳಗಿನ ಕೋಣೆ, ಕುಡುಕ ಅಪ್ಪ, ಹಾಸಿಗೆಯ ಮೇಲೆ ದಿನದಿಂದ ದಿನಕ್ಕೆ ಸೊರಗುತ್ತಿರುವ ಮಗು. ಆ ಮಗು ಕೆಮ್ಮಿತು ಎಂದು ಮೇಷ್ಟ್ರು ಹೇಳುವುದಕ್ಕೂ ಸುಣ್ಣದ ಪುಡಿ ಪುಟ್ಟಿಯ ಗಂಟಲಿಗಿಳಿಯುವುದಕ್ಕೂ ಸರಿಹೋಯಿತು. ಅವಳು ಕೆಮ್ಮಿದ ಕೆಮ್ಮಿಗೆ ಕಣ್ಣಲ್ಲಿ ನೀರು ಬಂತು. ಬಂದ ನೀರು ನಿಲ್ಲದೆ ಅಳುವಾಯಿತು.

"ಅಪ್ಪಾ, ಆ ಊರಲ್ಲಿ ಒಬ್ಬರೂ ನರ್ಸ್ ಇರ್ಲಿಲ್ವಾ?"

ಮೇಷ್ಟ್ರು ಟಿಪ್ಪಣಿಯ ಹಾಳೆ ತಿರುವಿ ನೋಡಿದರು. ನರ್ಸ್ ಬಂದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು ಎಂದರು.

"ಹಾಗಾದ್ರೆ ದೊಡ್ಡವರಿಗೆ ಬುದ್ಧಿ ಬರ್ಲಿ ಅಂತ ಚಿಕ್ಕವರು ಸಾಯಬೇಕಾ?"

ಮೇಷ್ಟ್ರು ಇಷ್ಟು ಕಾಲ ಓದಿ ಬರೆದದ್ದೆಲ್ಲ ಆ ಒಂದು ಮಾತಿನಲ್ಲಿ ಮುಗಿದುಹೋಗಿತ್ತು. ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು.

ಹೊರಗೆ ಬಂದ ಮೇಷ್ಟ್ರ ಕೈಯನ್ನು ಅರ್ಥಶಾಸ್ತ್ರದವರು ಕುಲುಕಿದ್ದೇ ಕುಲುಕಿದ್ದು. ಮುಖ್ಯಸ್ಥರು ಮಗುವನ್ನು ಕರೆತರಲು ಹೇಳಿದ್ದೇ ತಾವು ಎಂದು ಎಲ್ಲರಿಗೂ ಸಾರಿದರು. ಆ ಬಡಕಲು ಹುಡುಗ ಒಳಗೆ ಹೋಗಿ ಚಹಾ ಆರುವಷ್ಟರಲ್ಲಿ ಹೊರಬಂದ. ಆಮೇಲೆ ಅಧ್ಯಕ್ಷರು ಮೇಷ್ಟ್ರನ್ನು ಒಬ್ಬರನ್ನೇ ಒಳಗೆ ಕರೆಸಿ, ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

"ಮೇಷ್ಟ್ರೇ, ನೀವು ನನ್ನ ಕಣ್ಣು ತೆರೆಸಿದ್ರಿ. ಹೊರಗೆ ಕೂತಿದ್ದಾನಲ್ಲ ಆ ಹುಡುಗ, ಅವನು ನನ್ನ ಮಗ. ಎಲ್ಲಿ ಜನ ಆಡಿಕೊಳ್ತಾರೋ ಅಂತ ಪ್ರತಿ ಸಲಾನೂ ನಾನೇ ಅವನನ್ನ ಫೇಲು ಮಾಡಿದೆ. ನನಗೆ ಒಳ್ಳೆ ಹೆಸರು ಬರ್ಲಿ ಅಂತ ನನ್ನ ಮಗೂನ ಬಲಿ ಕೊಡ್ತಾ ಬಂದೆ. ಇವತ್ತು ನಿಮ್ಮ ಮಗಳು ಅತ್ತಾಗ ನನಗೆ ಗೊತ್ತಾಯ್ತು. ಕೆಲಸ ಅವನಿಗೇ ಕೊಟ್ಟುಬಿಟ್ಟೆ."

ಮೇಷ್ಟ್ರ ಬಾಯಿ ತೆರೆಯಿತು. "ಮತ್ತೆ ನಾನು, ಸಾರ್?"

"ನಿಮ್ಮ ಋಣ ತೀರಿಸೋಕಾಗಲ್ಲ ಬಿಡಿ," ಎಂದು ಅಧ್ಯಕ್ಷರು ಅವರ ಬೆನ್ನು ತಟ್ಟಿದರು.

ಹೊರಗೆ ಅಪ್ಪ ಮಗ ತಬ್ಬಿಕೊಂಡು ಅತ್ತರು. ಅದನ್ನು ಕಂಡು ಗ್ರಂಥಾಲಯದ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು. ಅರ್ಥಶಾಸ್ತ್ರದವರೂ ಮೂಗು ಒರೆಸಿಕೊಂಡರು. ಮೇಷ್ಟ್ರು ಗೋಡೆಗೆ ಒರಗಿ, ರಾತ್ರಿ ಹೆಂಡತಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು ಎಂದು ಯೋಚಿಸುತ್ತಿದ್ದರು.

ಹುಡುಗ ಹತ್ತಿರ ಬಂದು, ಸಂಕೋಚದಿಂದ ಕೈ ಹೊಸೆಯುತ್ತ, ನಾಳೆಯಿಂದ ಇದೇ ಪಾಠ ತಾನು ಮಾಡಬೇಕಂತೆ, ತಯಾರಿ ಏನೂ ಇಲ್ಲ, ಸಾರ್ ಬರೆದ ಟಿಪ್ಪಣಿ ಸಿಕ್ಕರೆ ಉಪಕಾರವಾಗುತ್ತಿತ್ತು ಎಂದ. ಮೇಷ್ಟ್ರು ಗೋಡೆ ಬಿಟ್ಟು ನೆಟ್ಟಗೆ ನಿಲ್ಲುವಷ್ಟರಲ್ಲೇ ಪುಟ್ಟಿ ಅವರ ಕಂಕುಳಿನಿಂದ ಕಾಗದದ ಕಟ್ಟನ್ನು ಎಳೆದು ಹುಡುಗನ ಕೈಗಿಟ್ಟಳು.

"ಎಲ್ಲಾ ತಗೊಂಡು ಹೋಗಿ ಅಂಕಲ್. ನಮ್ಮಪ್ಪ ಇದನ್ನ ಓದಿದ್ರೆ ಯಾರಾದ್ರೂ ಸಾಯ್ತಾರೆ."