ತೊಟ್ಟಿ ಕೇಳಿದವರು

ಬೋರ್ಡು ಬರೆಯುವ ಪೇಂಟರಣ್ಣ ಸೀಮೆಎಣ್ಣೆಯಲ್ಲಿ ಮೂರನೆಯ ಬ್ರಶ್ಶು ತೊಳೆಯುತ್ತಿದ್ದಾಗ ಕಂಡಕ್ಟರ್ ಮಾವ ಜಗಲಿ ಹತ್ತಿದರು. ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಎದುರು ಸಿಕ್ಕವರನ್ನೆಲ್ಲ ಮುಂದಕ್ಕೆ ತಳ್ಳುವ ಚಾಳಿ ಅವರನ್ನು ಬಿಟ್ಟಿರಲಿಲ್ಲ.

"ಕೇಳಿದ್ಯೇನೋ? ನಗರಸಭೆಯವರು ನಮ್ಮ ಬೀದಿಗೆ ದೊಡ್ಡ ಕಸದ ತೊಟ್ಟಿ ತಂದಿಡ್ತಾರಂತೆ. ಯಾವನೋ ಪುಣ್ಯಾತ್ಮ ಅರ್ಜಿ ಕೊಟ್ಟಿದ್ದಾನಂತೆ! ಬೇಡ ಅನ್ನೋರು ಇವತ್ತು ಐದರೊಳಗೆ ಬರೆದುಕೊಡ್ಬೇಕು."

ಪೇಂಟರಣ್ಣ ಬ್ರಶ್ಶು ಕೆಳಗಿಟ್ಟ. ಅವನ ಅಂಗಡಿಯೂ ಆ ಜಗಲಿಯೇ, ಬೋರ್ಡು ಒಣಗುವುದೂ ಅಲ್ಲೇ. ತೊಟ್ಟಿ ಬಂದರೆ ನೊಣ ಬರುತ್ತದೆ, ಹಸಿ ಬಣ್ಣದ ಮೇಲೆ ಕೂತ ನೊಣ ಏಳುವುದಿಲ್ಲ. ಹೋದ ವರ್ಷ ಹಲ್ಲಿನ ಡಾಕ್ಟರ ಬೋರ್ಡಿಗೆ ಒಂದೇ ಒಂದು ನೊಣ ಅಂಟಿ, ಚಿತ್ರದ ಹಲ್ಲು ಹುಳುಕಾಗಿ, ಬೋರ್ಡು ವಾಪಸು ಬಂದಿತ್ತು.

"ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ನಂದೊಂದು ಬರೆದುಕೊಡು ಮತ್ತೆ" ಎಂದರು ಮಾವ.

ಆಗುವುದಿಲ್ಲ ಎನ್ನುವ ವಿದ್ಯೆ ಪೇಂಟರಣ್ಣನಿಗೆ ಹತ್ತಿರಲಿಲ್ಲ. ಮಾವನ ಕಾಗದ ಬರೆಯುವಷ್ಟರಲ್ಲಿ ಬೆಲ್ಲ ಕಂಡ ಇರುವೆಯ ಹಾಗೆ ಇಡೀ ಬೀದಿ ಸಾಲುಗಟ್ಟಿತು.

"ನಂದು ಸ್ವಲ್ಪ ಖಾರವಾಗಿರ್ಲಪ್ಪಾ" ಎಂದರು ಮೂಲೆಮನೆ ನರ್ಸಮ್ಮ. "ಓದಿದವನಿಗೆ ಇಂಜೆಕ್ಷನ್ ಚುಚ್ಚಿದ ಹಾಗಿರ್ಬೇಕು."

ಪೇಂಟರಣ್ಣ ಯೋಚಿಸಿ ಬರೆದ: "ಅಷ್ಟು ಬೇಕಿದ್ದಲ್ಲಿ, ಕೇಳಿದವರ ಮನೆಯ ಬಾಗಿಲಲ್ಲೇ ಇಡತಕ್ಕದ್ದು."

"ಆಹಾ! ಹೀಗೆ ಬರಿ! ಅವನೇ ಮೂಸ್ಲಿ!" ನರ್ಸಮ್ಮ ಚಪ್ಪಾಳೆ ಹೊಡೆದರು. ಸರಿ, ಎಲ್ಲರಿಗೂ ಅದೇ ಸಾಲು ಬೇಕಾಯಿತು. ಹದಿನಾಲ್ಕು ಕಾಗದ ಮುಗಿಯುವಾಗ ಅವನ ಮಣಿಕಟ್ಟು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಅನ್ನ ಆರಿ ತಣ್ಣಗಾಗಿತ್ತು.

"ಊರಿಗೆಲ್ಲ ಬರೆದ್ರಿ, ನಮ್ಮದು?" ಎಂದಳು ಹೆಂಡತಿ.

ಹದಿನೈದನೆಯದನ್ನು ನಿಂತೇ ಬರೆದು, ಸಹಿ ಹಾಕಿ, ಎಲ್ಲವನ್ನೂ ಹಿಡಿದು ನಗರಸಭೆಗೆ ಓಡಿದ.

ನಗರಸಭೆಯ ಗುಮಾಸ್ತರು ಹದಿನೈದನ್ನೂ ಓದಿದರು. ಆಮೇಲೆ ಒಂದು ಕಡತ ತೆಗೆದು, ಧೂಳು ಊದಿ, ತಳದ ಹಾಳೆಯನ್ನು ಹೊರಗೆಳೆದರು.

"ಅಕ್ಷರ ಚೆನ್ನಾಗಿದೆ. ಇದೂ ನಿಮ್ಮದೇ ಅಲ್ವಾ?"

ಒಂಬತ್ತು ವರ್ಷದ ಹಿಂದಿನ ಅರ್ಜಿ. 'ಅ'ಕಾರದ ಬಾಲ ಬಳ್ಳಿಯಂತೆ ಸುರುಳಿ ಸುತ್ತಿತ್ತು. ಬೀದಿಗೆ ಹೊಸದಾಗಿ ಬಂದ ಹುರುಪಿನಲ್ಲಿ, ಮೂಲೆಯ ಕಸದ ಗುಡ್ಡೆ ನೋಡಲಾರದೆ, ದಯಮಾಡಿ ತೊಟ್ಟಿ ಕೊಡಿ ಎಂದು ಅವನೇ ಬರೆದದ್ದು. ಕಾದು ಕಾದು ಮರೆತೂ ಬಿಟ್ಟಿದ್ದ.

"ಸಾರ್, ಅದನ್ನ ವಾಪಸ್ ತಗೋತೀನಿ."

"ಹೇಗ್ರೀ ಆಗುತ್ತೆ? ಹದಿನೈದು ಮನೆ, ಒಂದೇ ಮಾತು! ಇಂಥ ಒಗ್ಗಟ್ಟು ನನ್ನ ಸರ್ವೀಸಲ್ಲೇ ನೋಡಿಲ್ಲ. ಕೇಳಿದವರ ಬಾಗಿಲಲ್ಲೇ ಇಡಿ ಅಂತ ನೀವೂ ಸಹಿ ಹಾಕಿದ್ದೀರಲ್ಲ." ಗುಮಾಸ್ತರು ಕಾಗದಗಳನ್ನು ಒಳಗೆ ಒಯ್ದು, ಸಾಹೇಬರ ಸಹಿಯೊಂದಿಗೆ ಮರಳಿದರು. "ಮಂಜೂರಾಯ್ತು. ಉತ್ತರ ಕಳಿಸೋದು ನಮ್ಮಿಂದಲೇ ತಡ ಆಯ್ತು, ಬೇಜಾರು ಮಾಡ್ಕೋಬೇಡಿ."

"ಇಲ್ಲೇ ಇದ್ದೀನಲ್ಲ ಸಾರ್, ನನ್ನ ಕೈಗೇ ಕೊಟ್ಬಿಡಿ. ಯಾರಿಗೂ ಗೊತ್ತಾಗೋದು ಬೇಡ."

"ಅಂಚೆಯಲ್ಲೇ ಹೋಗ್ಬೇಕು. ಉಳಿದ ಹದಿನಾಲ್ಕು ಮನೆಗೂ ಒಂದೊಂದು ಪ್ರತಿ, ಅರ್ಜಿದಾರರ ಹೆಸರಿನ ಸಮೇತ." ಅವರು ಖಾಲಿ ಕುರ್ಚಿಯತ್ತ ನೋಡಿ ನಿಟ್ಟುಸಿರಿಟ್ಟರು. "ಟೈಪಿನವಳು ರಜಾ. ನಿಮ್ಮ ಅಕ್ಷರ ಹೇಗೂ ಮುತ್ತಿನಂತಿದೆ…"

ಪೇಂಟರಣ್ಣ ಕುರ್ಚಿ ಎಳೆದುಕೊಂಡು ಕೂತು ಪೆನ್ನು ತೆಗೆದ.

ದೀಪ ಹಾಕುವ ಹೊತ್ತಿಗೆ ಗುಮಾಸ್ತರು ಹದಿನೈದು ಲಕೋಟೆಗೂ ಠಸ್ಸೆ ಗುದ್ದಿ ಅಂಚೆ ಚೀಲಕ್ಕೆ ಸುರಿದರು. ಒಂಬತ್ತು ವರ್ಷ ತಡವಾದ ಉತ್ತರ ಕೊನೆಗೂ ಹೊರಟಿತು.