ಕಾರ್ಟೂನಿನ ಅಪ್ಪನೂ ನನ್ನ ಸೊಸೆಯ ಮನಃಶಾಸ್ತ್ರವೂ

ದೇವರ ದಯೆಯಿಂದ ನಮ್ಮ ಮನೆಯಲ್ಲಿ ರೊಟ್ಟಿಗೆ ಕೊರತೆಯಿಲ್ಲ. ಕೊರತೆ ಬಂದಿರುವುದು ನೆಮ್ಮದಿಗೆ. ಸೊಸೆ ಸೇಡಂನಲ್ಲಿ ಬಿ.ಎಡ್. ಓದುತ್ತಾಳೆ. ಟಿವಿಯಲ್ಲಿ ಬರುವ ಒಂದು ಕಾರ್ಟೂನು ಸಂಸಾರವನ್ನು ತೋರಿಸಿ, ಹೊರಗಿನ ಪರೀಕ್ಷಕರ ಮುಂದೆ ಮನಃಶಾಸ್ತ್ರದ ಪಾಠ ಮಾಡಬೇಕಂತೆ. ನಾಲ್ಕು ಜನರ ಮುಂದೆ ಅವಳಿಗೆ ದನಿಯೇ ಏಳದು. ಪಾಠ ಕೆಟ್ಟರೆ ವರ್ಷವೇ ಹೋಯಿತು. ಹಾಗಾಗಿ ಮನೆಯಲ್ಲೇ ತಾಲೀಮು, ದಿನಕ್ಕೊಂದು ಫಜೀತಿ.

ತಪ್ಪಿದ ಗಾಡಿ

ಅಮಾವಾಸ್ಯೆಗೆ ನಾಲವಾರ ಮಠಕ್ಕೆಂದು ಹೊರಟವನು ವಾಡಿ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತ ಕೂತು ಗಾಡಿ ತಪ್ಪಿಸಿಕೊಂಡೆ. ಮನೆಗೆ ಬಂದು, "ಗಾಡ್ಯಾಗ ಭಾಳ ಗದ್ದಲ ಇತ್ತು. ದೇವರ ಇಚ್ಛಾನೂ ಇರಲಿಲ್ಲ" ಎಂದೆ.

"ಮಾವಾರ, ಇದಕ್ಕ ಸ್ವಸಮರ್ಥನೆ ಅಂತಾರ್ರಿ. ಮನಸ್ಸು ತನ್ನ ತಪ್ಪಿಗಿ ಚಂದಾದ ಕಾರಣ ಹುಡುಕ್ತದ. ಕಾರ್ಟೂನಿನ ಅಪ್ಪನೂ ಹಿಂಗೇ ಮಾಡ್ತಾನ" ಎಂದಳು ಸೊಸೆ.

ಒಲೆಯ ಮುಂದಿದ್ದ ನನ್ನ ಮನೆಯಾಕೆ ತಿರುಗಿಯೂ ನೋಡಲಿಲ್ಲ. "ಹೆಸರು ಈಗ ಗೊತ್ತಾಯ್ತು. ಜಡ್ಡು ಮದಿವ್ಯಾದಾಗಿಂದ ಗೊತ್ತದ."

ಪೂಜೆಯ ಘಂಟೆ

ಪೂಜೆಯಾಗದೆ ನಾನು ಉಣ್ಣುವವನಲ್ಲ. ಘಂಟೆ ಕೇಳಿದರೆ ಮೊಮ್ಮಗಳು ಕೊಬ್ಬರಿ-ಸಕ್ಕರೆಗೆ ಅಂಗೈ ಚಾಚಿ ಓಡಿಬರುತ್ತಾಳೆ.

"ಇದಕ್ಕ ರೂಢಿಯ ಕಲಿಕೆ ಅಂತಾರ್ರಿ" ಎಂದಳು ಸೊಸೆ. " ಬರೀ ಸಪ್ಪಳಕ್ಕೇ ಬಾಯಾಗ ನೀರು ಬರ್ತದ. ಕಾರ್ಟೂನಿನ ನಾಯಿನೂ ಹಿಂಗೇ. ಊಟ ಆದಮ್ಯಾಲ ಒಮ್ಮೆ ಘಂಟಿ ಬಾರಸ್ರಿ, ನೋಡಮು."

"ದೇವರ ಘಂಟಿ ನಿನ್ನ ನಾಯಿಗಲ್ಲವ್ವ!"

"ಪರೀಕ್ಷಾ ಅದರಿ, ಮಾವಾರ."

ಶಿವ ಶಿವಾ ಎಂದು ಬಾರಿಸಿದೆ. ಆಟದಲ್ಲಿ ಮೈಮರೆತ ಮೊಮ್ಮಗಳು ಬರಲೇ ಇಲ್ಲ. ಹೊಟ್ಟೆ ತುಂಬ ಉಂಡೆದ್ದ ನಾನೇ ಮತ್ತೆ ರೊಟ್ಟಿ ಬುಟ್ಟಿಯ ಕಡೆ ನಡೆದಿದ್ದೆ.

ಕಡೆಯ ತಾಲೀಮು

ಪರೀಕ್ಷೆಯ ಹಿಂದಿನ ದಿನ ಪಾಠ ಕೇಳಲು ನಾನು, ಮನೆಯಾಕೆ, ಪಕ್ಕದ ಮನೆಯ ಚಾಚಾ ಕೂತೆವು. ಸೊಸೆ ಫೋನಿನಲ್ಲಿ ಕಾರ್ಟೂನು ತೋರಿಸಿದಳು: ಕೆಲಸದಲ್ಲಿ ಬೈಸಿಕೊಂಡ ಅಪ್ಪ ಮನೆಗೆ ಬಂದು ಮಗನ ಮೇಲೆ ಕೂಗಾಡುತ್ತಾನೆ.

"ಇಲ್ಲಿ ಸಿಟ್ಟು..." ಎಂದು ಅವಳು ಪಿಸುಗುಟ್ಟುವಷ್ಟರಲ್ಲಿ ಚಾಚಾ, "ಪೋರಂದೇ ತಪ್ಪು ಅದ" ಎಂದರು.

"ಆ ಅಪ್ಪಗ ಬುದ್ಧಿ ಹೇಳೋ ಹಿರ್ಯಾರು ಯಾರೂ ಇಲ್ಲೇನು?" ಎಂದಳು ಮನೆಯಾಕೆ.

ಹಿರಿಯನಾಗಿ ನಾನೇ ಇತ್ಯರ್ಥ ಮಾಡಿದೆ. "ಅಪ್ಪ-ಮಗ ಇಬ್ಬರೂ ಗುಡ್ಯಾಗ ಕಾಯಿ ಒಡೀಲಿ. ತಾಯಿ ನಾಕ ದಿನ ತವರಿಗಿ ಹೋಗಲಿ."

"ಹೋದ್ರ ಅಡಗಿ ಯಾರು ಮಾಡ್ತಾರ?" ಎಂದರು ಚಾಚಾ.

"ಸುಮ್ಮ ಕುಂದರ್ರಿ ಎಲ್ಲಾರೂ!"

ಸೊಸೆಯ ದನಿ ಅದು. ಚಾಚಾರ ಚಹಾದ ಬಸಿ ತುಟಿಯ ಹತ್ತಿರವೇ ನಿಂತಿತು. ಹೊರಗಿನ ಸಿಟ್ಟನ್ನು ಮನೆಯ ಮೆತ್ತನೆಯವರ ಮೇಲೆ ತೀರಿಸಿಕೊಳ್ಳುವ ಮನಸ್ಸಿನ ಪಾಠವನ್ನು ಅವಳು ಒಂದೇ ಉಸಿರಿಗೆ ಮುಗಿಸಿದಳು.

ಮರುದಿನ ಪಾಸಾಗಿ ನಗುತ್ತ ಬಂದಳು. ಪರೀಕ್ಷಕರು, "ಇಷ್ಟು ಜನರ ಮುಂದ ಸ್ವಲ್ಪನೂ ಅಂಜಲಿಲ್ಲಲ್ಲ, ಹ್ಯಾಂಗವ್ವ?" ಎಂದು ಕೇಳಿದರಂತೆ.

ಇವಳು ಹೇಳಿ ಬಂದದ್ದು: "ನಿನ್ನಿ ನಮ್ಮ ಮಾವಾರನ್ನ ಸುಮ್ಮ ಕೂಡಿಸೀನ್ರಿ, ಸರ್. ಅದರ ಮುಂದ ಇದೇನೂ ಅಲ್ರಿ."